ಹಲ್ಲಿಗೆ ಗೊತ್ತಿರುವ ಹದ

ಚಂದ್ರಾ ಲೇಔಟಿನಲ್ಲಿ ಕೋಡುಬಳೆ ಮಾರುವ ಅಂಗಡಿಗಳಿಗೇನೂ ಬರವಿಲ್ಲ. ಆದರೂ ಜನ ಪಂಕಜಮ್ಮನ ಮನೆ ಗೇಟಿಗೇ ಬಂದು ನಿಲ್ಲುತ್ತಿದ್ದರೆಂದರೆ ಅದಕ್ಕೆ ಕಾರಣ ಅವಳ ಹಲ್ಲು. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಪ್ರತಿ ಒಬ್ಬೆ ಬಾಣಲೆಯಿಂದ ಇಳಿದಾಗಲೂ ಅದರಲ್ಲಿ ಒಂದನ್ನು ಎತ್ತಿಕೊಂಡು ಬಿಸಿ ಆರಿಸಿ, ಮುಂದಿನ ಹಲ್ಲಲ್ಲಿ ಕಟಂ ಎಂದು ಕಚ್ಚುತ್ತಿದ್ದಳು. ಕೈಯಲ್ಲಿ ಮುರಿದರೆ ಎಲ್ಲ ಕೋಡುಬಳೆಯೂ ಟಕ್ ಎನ್ನುತ್ತದೆ. ನಡುವೆ ಕೂದಲೆಳೆಯಷ್ಟು ಹಸಿ ಉಳಿದಿದ್ದರೆ ಅದು ಹಲ್ಲಿಗೆ ಮಾತ್ರ ಗೊತ್ತಾಗುವುದು. ಹಸಿ ಸಿಕ್ಕಿತೋ, ಒಬ್ಬೆ ಪೂರ್ತಿ ವಾಪಸ್ ಎಣ್ಣೆಗೆ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಗಂಡ ನಾಗೇಂದ್ರ ಕಾರ್ಖಾನೆ ಕೆಲಸ ಬಿಟ್ಟು ಪ್ಯಾಕಿಂಗಿಗೆ ಕೂತ ಮೇಲಂತೂ ದಿನಕ್ಕೆರಡು ಸಲವಾದರೂ ಅವಳ ಬೈಗುಳ ತಿನ್ನುತ್ತಿದ್ದ.

ಯುಗಾದಿ ಕಳೆದ ಮೇಲೆ, ಹಲ್ಲುಜ್ಜಿ ಉಗಿದರೆ ಕೆಂಪಗೆ ಬರತೊಡಗಿತು. ಪಂಕಜಾ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ಉಷ್ಣ."

ದಿನವಿಡೀ ಕಾದ ಎಣ್ಣೆ ಮುಂದೆ ನಿಂತವಳಿಗೆ ಉಷ್ಣವಾಗದೆ ಇನ್ನೇನಾದೀತು? ಎಳನೀರು ಕುಡಿದಳು, ಕಾಮಕಸ್ತೂರಿ ಬೀಜ ನೆನೆಸಿ ಕುಡಿದಳು, ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡಳು. ಬ್ರಷ್ಷು ಚುಚ್ಚಿ ರಕ್ತ ಬರುತ್ತದೆಂದು ಬ್ರಷ್ಷನ್ನೇ ಎಸೆದು, ಹಲ್ಲುಪುಡಿ ತಂದು, ರಕ್ತ ಬರುವ ಜಾಗ ಬಿಟ್ಟು ಮಿಕ್ಕಿದ್ದನ್ನು ಬೆರಳಲ್ಲಿ ತೀಡಿಕೊಂಡಳು. ರಕ್ತ ಕಮ್ಮಿಯಾಯಿತು. ನೋಡಿದಿರಾ, ಎಂಥ ಜಾಣತನ! ಪಾತ್ರೆ ಉಜ್ಜುವುದು ಬಿಟ್ಟರೆ ಕೈಗೆ ಮಸಿ ಅಂಟದು ಅಂದಹಾಗಾಯಿತು.

ಒಂದೆರಡು ತಿಂಗಳಲ್ಲಿ ಕೆಳಗಿನ ಮುಂದಿನ ಹಲ್ಲುಗಳು ಉದ್ದವಾದಂತೆ ಕಂಡವು. ನಾಲಿಗೆ ತಾಗಿಸಿದರೆ ಅವುಗಳಲ್ಲೊಂದು ಸಣ್ಣಗೆ ಅಲುಗಿತು. ಬಾಯಿ ವಾಸನೆಗೆ ಲವಂಗ ಅಗಿದಳು. ಕೋಡುಬಳೆ ಕಚ್ಚಲು ಮಾತ್ರ ಧೈರ್ಯ ಬರಲಿಲ್ಲ. ಗಂಡನಿಗೆ ಬೆನ್ನು ತಿರುಗಿಸಿ ಕೈಯಲ್ಲೇ ಮುರಿದು, "ಹಾಂ, ಆಗಿದೆ" ಎನ್ನತೊಡಗಿದಳು.

ಡೆಂಟಿಸ್ಟ್ ಹತ್ತಿರ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಅವಳ ತಾಯಿ ಇಂದ್ರಮ್ಮ ಹೋಗಿದ್ದರು. ಐವತ್ತನೇ ವಯಸ್ಸಿಗೆ ಎಲ್ಲ ಹಲ್ಲೂ ಕೀಳಿಸಿಕೊಂಡು ಬಂದು, ಕಟ್ಟಿಸಿದ ಸೆಟ್ಟನ್ನು ಸ್ಟೀಲ್ ಲೋಟದಲ್ಲಿ ಮುಳುಗಿಸಿಟ್ಟು, ಸಾಯುವವರೆಗೂ ಗಂಜಿ ಕುಡಿದರು. ಆ ಲೋಟ ಪಂಕಜಾಳ ಕಣ್ಣಿಗೆ ಕಟ್ಟಿತ್ತು. ಅವಳಿಗೀಗ ಐವತ್ತಮೂರು. ಹಲ್ಲು ಹೋದರೆ ಹದ ಹೋಯಿತು, ಹದ ಹೋದರೆ ತಾನು ಯಾರು ಎಂಬುದೇ ಅವಳ ಭಯ.

ಶ್ರಾವಣದ ಮೊದಲ ವಾರ ಸೇತುರಾಮ ಮೇಷ್ಟ್ರು ಬಂದರು. ಅವರು ಮೊದಲಿನಿಂದಲೂ ಗಿರಾಕಿ, ಎರಡು ರಸ್ತೆ ಆಚೆ ಮನೆ. ಕೈಯಲ್ಲಿ ಅರ್ಧ ಖಾಲಿಯಾದ ಪೊಟ್ಟಣವಿತ್ತು.

"ಪಂಕಜಮ್ಮ, ತಪ್ಪು ತಿಳ್ಕೋಬೇಡಿ. ಇದು ನೀವೇ ಮಾಡಿದ್ದಾ?"

"ಯಾಕೆ ಮೇಷ್ಟ್ರೇ?"

"ಒಳಗೆ ಮೆತ್ತಗಿದೆ. ಹುಷಾರಿಲ್ವೇನೋ, ಬೇರೆ ಯಾರಾದ್ರೂ ಮಾಡಿದ್ರೇನೋ ಅಂತ ಕೇಳ್ದೆ ಅಷ್ಟೆ."

ಬೈದಿದ್ದರೆ ತಿರುಗಿ ಎರಡು ಮಾತಾಡುತ್ತಿದ್ದಳು. ಇವರು ಕನಿಕರದಿಂದ ಕೇಳಿಬಿಟ್ಟರು. ಪಂಕಜಾಳ ಮುಖ ಸಪ್ಪಗಾಯಿತು. ಸಂಜೆ ನಾಗೇಂದ್ರ ಅಡುಗೆಮನೆಗೆ ಬಂದಾಗ, ಅವಳು ತಾನೇ ಕರಿದ ನಿಪ್ಪಟ್ಟನ್ನು ಕಾಫಿಯಲ್ಲಿ ಅದ್ದಿ ಚೀಪುತ್ತಾ ಅಳುತ್ತಿದ್ದಳು. ಅವನು ಅದುರಿಬಿದ್ದ. ನಿಪ್ಪಟ್ಟನ್ನು ಕಾಫಿಗೆ ಅದ್ದುವವರನ್ನು ಕಂಡರೆ ಮೂಗು ಮುರಿಯುತ್ತಿದ್ದ ಹೆಂಗಸು ಅವಳು! ವಿಷಯವೆಲ್ಲ ಹೊರಬಂತು.

ಡಾಕ್ಟರ್ ಎಂದರೆ ಒಪ್ಪಳೆಂದು ನಾಗೇಂದ್ರ ಸುಳ್ಳು ಹೇಳಿದ. ಮರುದಿನ, "ಮೇನ್ ರೋಡ್ ಡೆಂಟಲ್ ಕ್ಲಿನಿಕ್‌ನೋರು ಎರಡು ಕೆಜಿ ಕೋಡುಬಳೆ ಕೇಳಿದಾರೆ. ನೀನೇ ಕೊಡ್ಬೇಕಂತೆ ಕಣೇ" ಎಂದು ಸ್ಕೂಟರ್ ಹತ್ತಿಸಿಕೊಂಡು ಹೋದ. ಪೊಟ್ಟಣ ಹಿಡಿದು ಒಳಗೆ ಹೋದವಳನ್ನು, "ಪಂಕಜಾ ನಾಗೇಂದ್ರ ಅವ್ರು ನೀವೇನಾ? ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿಗೇ ಕರೆದರು. ಅವಳು ಗಂಡನ ಕಡೆ ನೋಡಿದ ನೋಟಕ್ಕೆ ಅವನು ಕ್ಯಾಲೆಂಡರ್ ಓದತೊಡಗಿದ.

ಡಾಕ್ಟರ್ ಇಂಚರಾಗೆ ಮೂವತ್ತರ ಆಸುಪಾಸು. ಬಾಯೊಳಗೆ ಬೆಳಕು ಬಿಟ್ಟು ಕೇಳಿದಳು:

"ರಕ್ತ ಬರ್ತಾ ಇತ್ತಾ ಆಂಟಿ?"

"ಬರ್ತಿತ್ತು. ಉಷ್ಣ ಕಣಮ್ಮ."

"ಉಷ್ಣ ಅಲ್ಲ ಆಂಟಿ. ಇದು ಒಸಡಿನ ಕಾಯಿಲೆ."

"ನೋವೇ ಇಲ್ವಲ್ಲ?"

"ಅದೇ ಇದರ ಕಳ್ಳತನ. ನೋವಿಲ್ದೇನೇ ಒಳಗೊಳಗೆ ಹಲ್ಲು ಹಿಡ್ಕೊಂಡಿರೋ ಮೂಳೆ ಕರಗಿಸ್ಕೊಂಡು ಹೋಗುತ್ತೆ."

ಗೆರೆ ಹಾಕಿದ ತೆಳ್ಳನೆ ಕಡ್ಡಿಯೊಂದನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿ, ಸಂದು ಎಷ್ಟು ಆಳವಿದೆಯೆಂದು ಅಳೆಯುತ್ತಾ ನರ್ಸಿಗೆ ಬರೆಸಿದಳು. "ಮೂರು. ನಾಲ್ಕು. ಆರು. ಆರು. ಏಳು." ಮೂರು ಮಿಲಿಮೀಟರಿನೊಳಗಿದ್ದರೆ ಸರಿಯಂತೆ. ಎಕ್ಸ್‌ರೇಯಲ್ಲಿ ಮುಂದಿನ ಹಲ್ಲುಗಳ ಸುತ್ತ ಮೂಳೆ ಕೆಳಗಿಳಿದಿದ್ದನ್ನು ತೋರಿಸಿದಳು. ಹಲ್ಲಿನ ಪಾಚಿ ಗಟ್ಟಿಯಾಗಿ, ಒಸಡಿನ ಒಳಗೂ ಕಲ್ಲಿನಂತೆ ಕೂತಿದೆ ಎಂದಳು.

ಪಂಕಜಾ ಪರದೆಯನ್ನೇ ದಿಟ್ಟಿಸಿದಳು. "ಬಾಣಲೆ ಅಂಚಲ್ಲಿ ಎಣ್ಣೆ ಜಿಡ್ಡು ಕರಕಲು ಕಟ್ಟುತ್ತಲ್ಲ, ಹಂಗಾ?"

"ಕರೆಕ್ಟ್! ಅದನ್ನ ನೀವು ಎಳನೀರು ಹಾಕಿ ತೊಳೀತೀರಾ?"

ಪಂಕಜಾಗೆ ನಾಚಿಕೆಯಾಯಿತು. ಕರಕಲು ಕಟ್ಟಿದ ಬಾಣಲೆಯನ್ನು ಒಂದು ದಿನವೂ ಹಾಗೇ ಬಿಟ್ಟವಳಲ್ಲ ಅವಳು. ಆಮೇಲೆ, ಬಂದಾಗಿನಿಂದ ಕಾಡುತ್ತಿದ್ದ ಪ್ರಶ್ನೆ ಕೇಳಿದಳು. "ಎಲ್ಲಾ ಕೀಳ್ತೀರೇನಮ್ಮ?"

"ಹಿಂದಿನ ದವಡೆ ಹಲ್ಲೊಂದು ಉಳಿಯಲ್ಲ, ಸುಳ್ಳು ಹೇಳಲ್ಲ. ಮುಂದಿನವನ್ನ ಉಳಿಸೋಕೆ ನೋಡೋಣ. ಗ್ಯಾರಂಟಿ ಕೊಡಲ್ಲ. ಅರ್ಧ ಕೆಲ್ಸ ನಂದು, ಅರ್ಧ ನಿಮ್ದು."

ರಕ್ತದಲ್ಲಿ ಶುಗರ್ ಹೆಚ್ಚಿದ್ದರೆ ಒಸಡು ಬೇಗ ವಾಸಿಯಾಗದೆಂದು ಅದನ್ನೂ ಟೆಸ್ಟ್ ಮಾಡಿಸಿದಳು. ಹೆಚ್ಚೇ ಇತ್ತು, ಬೇರೆ ಡಾಕ್ಟರ ಮಾತ್ರೆ ಶುರುವಾಯಿತು. ದವಡೆ ಹಲ್ಲನ್ನು ತೆಗೆದದ್ದಾಯಿತು. ಆಮೇಲೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಂದು ದಿನ ಬಲಗಡೆ, ವಾರ ಬಿಟ್ಟು ಎಡಗಡೆ, ಒಸಡಿನೊಳಗೆ ಕೂತಿದ್ದ ಕಲ್ಲನ್ನೆಲ್ಲ ಕೆರೆದು ತೆಗೆದಳು. ಮನೆಗೆ ಮೆತ್ತನೆ ಬ್ರಷ್ಷು, ಜತೆಗೆ ಹಲ್ಲಿನ ಸಂದಿಗೆ ತೂರಿಸುವ ಒಂದು ಪುಟ್ಟ ಬ್ರಷ್ಷು. ಬಾಟಲಿ ತೊಳೆಯುವ ಬ್ರಷ್ಷು ಮರಿ ಹಾಕಿದೆ ಎಂದು ನಾಗೇಂದ್ರ ತಮಾಷೆ ಮಾಡಿದ.

ತಮಾಷೆ ಅಲ್ಲಿಗೇ ಮುಗಿಯಿತು. ಹಲ್ಲುಗಳ ನಡುವೆ ಸಂದು ಕಾಣತೊಡಗಿತು, ತಣ್ಣೀರು ಕುಡಿದರೆ ಜುಂ ಎಂದಿತು, ಅಲುಗುವ ಹಲ್ಲು ಅಲುಗುತ್ತಲೇ ಇತ್ತು. ಪಕ್ಕದ ಮನೆ ಮುನಿತಾಯಮ್ಮ ಕಾಂಪೌಂಡಿನ ಆಚೆಯಿಂದ, "ನಾನ್ ಹೇಳ್ಲಿಲ್ವಾ? ಕ್ಲೀನ್ ಮಾಡಿಸಿದ್ರೆ ಇದ್ದ ಹಲ್ಲೂ ಸಡಿಲ ಆಗುತ್ತೆ" ಎಂದರು. ಪಂಕಜಾ ಹೆದರಿ, ಫೋನ್ ಮಾಡಿ ಡಾಕ್ಟರನ್ನು ಸರಿಯಾಗಿ ಝಾಡಿಸಿದಳು. ಇಂಚರಾ ಪೂರ್ತಿ ಕೇಳಿಸಿಕೊಂಡಳು.

"ಆ ಕಲ್ಲು ಹಲ್ಲನ್ನ ಹಿಡ್ಕೊಂಡಿರ್ಲಿಲ್ಲ ಆಂಟಿ, ಒಸಡನ್ನ ದೂರ ತಳ್ಳಿತ್ತು. ಈಗ ಊತ ಇಳಿದಿದೆ, ಸಂದು ಕಾಣ್ತಿದೆ. ಒಸಡು ಬಿಗಿಯಾಗೋಕೆ ಟೈಮ್ ಬೇಕು. ಕೋಡುಬಳೆ ಜೋರು ಉರೀಲಿ ಬೇಯುತ್ತಾ?"

ಬೇಯುವುದಿಲ್ಲ, ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಅದನ್ನು ಪಂಕಜಾಗೆ ಹೇಳಿಕೊಡಬೇಕೆ? ಅವಳು ಫೋನಿಟ್ಟಳು. ಅಂದಿನಿಂದ ಬೆಳಗ್ಗೆ, ರಾತ್ರಿ ತಪ್ಪದೆ ಉಜ್ಜಿದಳು. ಮೊದಲ ದಿನಗಳಲ್ಲಿ ರಕ್ತ ಬಂದರೂ ಆ ಜಾಗ ಬಿಡಲಿಲ್ಲ. ಹತ್ತು ದಿನಕ್ಕೆ ಕೆಂಪು ತಿಳಿಯಾಯಿತು, ತಿಂಗಳಿಗೆ ನಿಂತೇಹೋಯಿತು. ಅಷ್ಟು ದಿನವೂ ಹದ ನೋಡುವ ಕೆಲಸ ನಾಗೇಂದ್ರನದು. ಅವನ ಬಾಯಿಗೆ ಬಿದ್ದದ್ದೆಲ್ಲ ಸೂಪರ್. ಮೇಷ್ಟ್ರು ಮತ್ತೆ ಬಂದಿರಲಿಲ್ಲ.

ದಸರಾಕ್ಕೆ ವಾರವಿದ್ದಾಗ ಮತ್ತೆ ಅಳತೆ. ಪಂಕಜಾ ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿ ಕಿವಿಗೊಟ್ಟಳು. "ಎರಡು. ಮೂರು. ಮೂರು. ಮೂರು. ನಾಲ್ಕು." ಏಳು ಎಲ್ಲೂ ಬರಲಿಲ್ಲ. ಇಂಚರಾ ಆ ಮುಂದಿನ ಹಲ್ಲನ್ನು ಅಲುಗಿಸಿ ನೋಡಿದಳು. "ಬಿಗಿಯಾಗಿದೆ ಆಂಟಿ. ಹೋದ ಮೂಳೆ ಹೋಯ್ತು, ಆದ್ರೆ ಇರೋದು ಗಟ್ಟಿಯಾಗಿ ನಿಂತಿದೆ. ಮೂರು ತಿಂಗಳಿಗೊಂದ್ಸಲ ಬರ್ಲೇಬೇಕು."

"ಕಚ್ಚಬಹುದಾ?"

"ಮೆಲ್ಲಗೆ. ಸಣ್ಣ ಚೂರಿಂದ ಶುರು ಮಾಡಿ."

ಮನೆಗೆ ಬಂದರೆ ಹಬ್ಬದ ಆರ್ಡರಿನ ಮೊದಲ ಒಬ್ಬೆ ತಟ್ಟೆಯಲ್ಲಿ ಆರುತ್ತಿತ್ತು, ನಾಗೇಂದ್ರನೇ ಕರಿದಿದ್ದ. ಪಂಕಜಾ ಒಂದನ್ನೆತ್ತಿ ಸಣ್ಣ ಚೂರು ಮುರಿದು ಮುಂದಿನ ಹಲ್ಲಿಗೆ ಕೊಟ್ಟಳು. ಒಂದು ಕ್ಷಣ ಹೆದರಿ ನಿಂತು, ಆಮೇಲೆ ಕಚ್ಚಿದಳು. ಕಟಂ ಎಂದಿತು. ಅವಳ ಕಣ್ಣಲ್ಲಿ ನೀರು ತುಂಬಿತು.

"ಏನಾಯ್ತೇ? ನೋವಾಯ್ತಾ?" ನಾಗೇಂದ್ರ ಗಾಬರಿಯಾಗಿ ಜಾಲರಿ ಸೌಟನ್ನು ಕೆಳಗಿಟ್ಟ.

"ಹಸಿ ಇದೆ ಕಣ್ರೀ!" ಅವಳು ನಗುತ್ತಿದ್ದಳು. "ನಡುವೆ ಹಸಿ ಇದೆ! ನನ್ ಹಲ್ಲಿಗೆ ಗೊತ್ತಾಯ್ತು! ಏನ್ ಮನುಷ್ಯ ರೀ ನೀವು, ಇದನ್ನ ಸೂಪರ್ ಅಂತ ಜನಕ್ಕೆ ಕೊಡೋಕೆ ಹೊರಟಿದ್ರಲ್ಲ!"

ಎಷ್ಟೋ ತಿಂಗಳ ಮೇಲೆ ಬೈಗುಳ ತಿಂದ ನಾಗೇಂದ್ರ ಖುಷಿಯಿಂದಲೇ ತಟ್ಟೆ ಎತ್ತಿ ಬಾಣಲೆಯ ಕಡೆ ನಡೆದ.

"ಉರಿ ಸಣ್ಣ ಮಾಡಿ ಮೊದ್ಲು," ಎಂದು ಪಂಕಜಾ ಸೆರಗು ಸಿಕ್ಕಿಸಿಕೊಂಡಳು. "ಇದಾದ್ಮೇಲೆ ಅರ್ಧ ಕೆಜಿ ಕಟ್ಟಿ. ಮೇಷ್ಟ್ರ ಮನೆಗೆ ನಾನೇ ಹೋಗ್ಬರ್ತೀನಿ."