ಒಂದು ಕಣ್ಣಿನ ಕಾಡಿಗೆ

ರೆಪ್ಪೆ ಅದುರುತ್ತಿದೆ, ಕುಂಚದ ತುದಿ ತಾಗಿತೋ ಇಲ್ಲವೋ ಅದುರುತ್ತದೆ, ಎಳೇ ರೆಪ್ಪೆ, ಅಲುಗಾಡಬ್ಯಾಡ ತಂಗಿ, ಉಸಿರು ಬಿಡು, ಕಣ್ಣು ಮಾತ್ರ ಬಿಡಬ್ಯಾಡ, ಹೂಂ ಅಕ್ಕಾ ಅಂದಳು ಮದುಮಗಳು ಮೇಘಾ, ಅಂದವಳೇ ಗದ್ದವನ್ನು ತಂದು ಉಡಚಮ್ಮನ ಎಡ ಅಂಗೈಯೊಳಗೆ ಇಟ್ಟುಬಿಟ್ಟಳು, ಪೂರ್ತಿ ಭಾರ ಹಾಕಿ, ಸಂಕೋಚವಿಲ್ಲದೆ — ಇಡಲಿ, ಇದೊಂದು ಭಾರಕ್ಕಾಗಿ ತಾನೇ ಇಷ್ಟೆಲ್ಲ ಬಡಿದಾಡಿದ್ದು, ಇನ್ನೊಬ್ಬರ ಮುಖ ತಾನಾಗಿ ಬಂದು ತನ್ನ ಕೈಯಲ್ಲಿ ಕೂರಲಿ ಅಂತ. ಬಲಗಣ್ಣು ಮುಗಿಯಿತು, ಗೆರೆ ಮೂಗಿನ ಪಕ್ಕದಿಂದ ಸಣ್ಣಗೆ ಹೊರಟು ತುದಿಗೆ ಬಂದು ಒಂದಿಷ್ಟೇ ಮೇಲೆದ್ದಿದೆ, ಎಷ್ಟು ಚೆಂದ ಕೂತಿದೆ, ಎಡಗಣ್ಣು ಇನ್ನೂ ಖಾಲಿ, ಒಂದು ಕಣ್ಣು ಯಾರು ಬೇಕಾದ್ರೂ ಬರೀತಾರ ಉಡಚಮ್ಮ, ಎರಡನೇದು ಅದಕ್ಕ ಜೋಡಿ ಆಗಬೇಕು ನೋಡು, ಆವಾಗ ಕೈ ಎಂಥಾದ್ದು ಅಂತ ಗೊತ್ತಾಗ್ತೈತಿ, ಕಲಿಸಿದ ಶರಣಬಸಮ್ಮ ಮೇಡಂ ಹೇಳುತ್ತಿದ್ದಳು, ಹೇಳುತ್ತ ಹೇಳುತ್ತ ತಪ್ಪಿದ ಗೆರೆಯನ್ನು ಹತ್ತಿಯಿಂದ ಒರೆಸುತ್ತಿದ್ದಳು. ಹೊರಗೆ ಬ್ಯಾಂಡಿನವರು ಒಂದೇ ಹಾಡನ್ನು ಜಗ್ಗಾಡುತ್ತಿದ್ದಾರೆ, ಅಡಿಗೆಯವರ ಒಗ್ಗರಣೆ ಘಾಟು ಕಿಟಕಿಯಿಂದ ಒಳಗೆ ಬರುತ್ತಿದೆ, ಗಂಗಾವತಿಯ ಈ ಕಲ್ಯಾಣ ಮಂಟಪಕ್ಕೆ ಹೆಸರೇನೋ ದೊಡ್ಡದು, ಮದುಮಗಳ ಖೋಲಿಯಲ್ಲಿ ಫ್ಯಾನು ಮಾತ್ರ ತಿರುಗುವುದಿಲ್ಲ, ಬೆವರಿಗೆ ಹಚ್ಚಿದ ಬಣ್ಣ ಒಡೆಯಬಾರದು, ಮುಹೂರ್ತದ ಅಕ್ಕಿಕಾಳು ಬೀಳುವುದರೊಳಗೆ ಎಡಗಣ್ಣು ಮುಗಿಯಬೇಕು. ಇವತ್ತಿನದು ಮೊದಲನೆಯ ದೊಡ್ಡ ಮದುವೆ, ಶ್ರೀರಾಮನಗರದಲ್ಲಿ ಭತ್ತ ಬೆಳೆಯುವ ಮಂದಿ, ಮದುಮಗಳ ಅಕ್ಕತಂಗಿಯರು ಸಾಲಾಗಿ ನಿಂತು ನೋಡುತ್ತಿದ್ದಾರೆ, ಅವರೆಲ್ಲರಿಗೂ ಒಂದಲ್ಲ ಒಂದು ದಿನ ಮದುವೆ ಐತಿ, ಉಷಾ ಅಕ್ಕಾ ನನ್ನ ಮದುವಿಗೂ ನೀವ ಬರಬೇಕ್ರಿ ಅಂತ ಒಬ್ಬಳು ಆಗಲೇ ಅಂದಳು. ಉಷಾ ಅಂದರೆ ತಾನು, ಉಷಾ ಬ್ಯೂಟಿ ಪಾರ್ಲರ್, ಬೋರ್ಡಿನ ಮೇಲೆ ಉಡಚಮ್ಮ ಅಂತ ಬರೆಸಿದರೆ ಯಾವ ಹುಡುಗಿ ಒಳಗೆ ಬರುತ್ತಾಳೆ, ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಗೊತ್ತಾಗಲೂ ಬಾರದು, ಒಬ್ಬಳ ಕಿವಿಗೆ ಬಿದ್ದರೆ ಮುಗಿಯಿತು, ಅಂಗಡಿಯ ಮೆಟ್ಟಿಲನ್ನು ಹೆಂಗಸರು ಹತ್ತುವುದಿಲ್ಲ, ಗಂಡಸರು ಹತ್ತುತ್ತಾರೆ.

ಗಂಡಸರು — ಥೂ, ಈ ಹೊತ್ತಿನಲ್ಲಿ ಅವರ ನೆನಪು ಯಾಕೆ, ಲೈನರ್ ಒಣಗುತ್ತದೆ, ಮುಚ್ಚಳ ಹಾಕು, ರೆಪ್ಪೆಗೆ ಒಂದಿಷ್ಟು ಗಾಳಿ ಬೀಸು. ಹಿಟ್ನಾಳದ ಹೆದ್ದಾರಿ ಬದಿ, ನಿಂತ ಲಾರಿಯ ದೀಪದ ಬೆಳಕಲ್ಲಿ ಒಡೆದ ಕನ್ನಡಿ ಹಿಡಿದು ತನ್ನ ಕಣ್ಣಿಗೆ ತಾನೇ ತೀಡಿಕೊಳ್ಳುತ್ತಿದ್ದ ಕಾಡಿಗೆ, ಅದಕ್ಕೆ ಜೋಡಿ ಬೇಕಾಗಿರಲಿಲ್ಲ, ಒಂದು ದಪ್ಪ ಒಂದು ತೆಳು, ಯಾವನು ನೋಡುತ್ತಾನೆ, ಬಂದವನು ಮುಖ ನೋಡುವುದಕ್ಕಾ ಬರುತ್ತಿದ್ದ. ಕೊಪ್ಪಳದ ಪುನರ್ವಸತಿ ತರಬೇತಿ ಕೇಂದ್ರಕ್ಕೆ ಮೊದಲ ದಿನ ಹೋದಾಗ ಹೊಲಿಗೆ ಬೇಕೋ ಊದುಬತ್ತಿ ಬೇಕೋ ಬ್ಯೂಟಿ ಪಾರ್ಲರ್ ಬೇಕೋ ಅಂತ ಕೇಳಿದ್ದರು, ಪಾರ್ಲರ್ ಅಂದದ್ದಕ್ಕೆ ಮೇಜಿನ ಆಚೆ ಕೂತ ಸಾಹೇಬ ಕಿಸಕ್ಕನೆ ನಕ್ಕ, ಇವರಿಗೇನ್ರಿ, ಬಣ್ಣ ಬಳಕೊಳ್ಳೂದು ಹೊಟ್ಟ್ಯಾಗಿಂದನ ಬಂದಿರತೈತಿ, ಶರಣಬಸಮ್ಮ ಮೇಡಂ ಅವನ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಐತಿ, ಆ ಒಂದು ನೋಟಕ್ಕೇ ಆಕೆಯ ಕಾಲು ಹಿಡಿಯಬೇಕು. ಮೊದಲು ಓದು, ಆಮ್ಯಾಲೆ ಬಣ್ಣ, ಬಾಟಲಿ ಮ್ಯಾಲ ಏನು ಬರದೈತಿ ಅಂತ ಗೊತ್ತಿಲ್ಲದಂಗ ಮುಖಕ್ಕ ಹಚ್ಚತೀಯೇನು, ಮಂದೀ ಮುಖ ಅದು — ತಲೆಯಲ್ಲಿ ಒಂದೆರಡು ನರೆ ಬಂದ ಮೇಲೆ ಅ ಆ ತಿದ್ದಿದಳು, ಕೆನ್ನೆಗೆ, ತುಟಿಗೆ, ಕಣ್ಣಿಗೆ, ಡಬ್ಬಿಗಳ ಮೇಲಿನ ಅಕ್ಷರ ಒಂದೊಂದಾಗಿ ಬಾಯಿ ಬಿಟ್ಟವು. ಗೆಳತಿಯರ ಮುಖದ ಮೇಲೆ ಕಲಿಯಬೇಕಿತ್ತು, ಇವಳ ಕೈ ನಡುಗುತ್ತಿತ್ತು, ಮುಟ್ಟಿಸಿಕೊಂಡು ಗೊತ್ತಿತ್ತೇ ಹೊರತು ಮುಟ್ಟಿ ಗೊತ್ತಿರಲಿಲ್ಲ, ಆಗ ಮೇಡಂ, ಹಣೆಗೆ ವಿಭೂತಿ ಹಚ್ಚುವ, ಮಾಸ್ತರರ ಹೆಂಡತಿಯಾದ ಮೇಡಂ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಕಣ್ಣು ಮುಚ್ಚಿ ಮುಖ ಎತ್ತಿದಳು, ಮುಟ್ಟು, ಅಂದಳು, ಅಷ್ಟೇ. ಮುತ್ತು ಹರಿದದ್ದೂ ಅಲ್ಲೇ, ದೇವಿ ಹೆಸರು ಹೇಳಿ ಸಣ್ಣಾಕಿ ಇದ್ದಾಗ ಕೊರಳಿಗೆ ಕಟ್ಟಿದ ಕೆಂಪು ಬಿಳಿ ಮಣಿಯ ಸರ, ಕಟ್ಟಿದ ದಿನ ಹೊಸ ಲಂಗ ಕೊಡಿಸಿದ್ದರು ಅಂತ ಕುಣಿದಿದ್ದಳು ಹುಚ್ಚು ಹುಡುಗಿ, ಮೈನೆರೆದ ವರ್ಷವೇ ಊರ ಹಿರೇಮನುಷ್ಯನೊಬ್ಬ ಬಂದು ಬಾಗಿಲು ಹಾಕಿಕೊಂಡಾಗ ಆ ಲಂಗ ಯಾಕೆ ಅಂತ ತಿಳಿಯಿತು. ಮುತ್ತು ಹರಿದ ದಿನ ಕೇಂದ್ರದಲ್ಲಿ ಭಾಷಣ ಇತ್ತು, ನೀವೆಲ್ಲ ಮುಖ್ಯವಾಹಿನಿಗೆ ಬಂದಿದ್ದೀರಿ ಅಂದರು ಅತಿಥಿಗಳು, ಮುಖ್ಯವಾಹಿನಿ ಅಂದ್ರ ಎಡದಂಡಿ ಕಾಲುವಿಯೇನ್ರಿ ಅಂತ ಇವಳು ಕೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ಇವಳೂ ನಕ್ಕಳು. ಕಾಲುವೆಯಾದರೂ ವಾಸಿ, ಯಾರ ಹೊಲಕ್ಕೆ ಹರಿಯಬೇಕೋ ಅದಕ್ಕೆ ಗೊತ್ತಿರುತ್ತದೆ. ಎಡಗಣ್ಣು, ಎಡಗಣ್ಣು, ಮುಚ್ಚಳ ತೆಗೆ.

ಯಾರಬೇ ಇಕಿ, ನಮ್ಮ ಕೂಸಿನ ಮುಖಕ್ಕ ಏನ ಬರಿಯಾಕತ್ತಾಳ — ಬಾಗಿಲಲ್ಲಿ ಕೋಲು ಊರಿದ ಸದ್ದು, ಮುದುಕಿ, ಮದುಮಗಳ ಅಜ್ಜಿಯಂತೆ, ದುರಗಮ್ಮನಂತೆ, ಯಲಬುರ್ಗಾದ ಕಡೆಯ ಹಳೇ ಊರಿನಿಂದ ಈಗ ಜೀಪಿನಲ್ಲಿ ಬಂದಿಳಿದಳಂತೆ, ಯಲಬುರ್ಗಾ ಅಂದರೆ ಉಡಚಮ್ಮ ಹುಟ್ಟಿ ಬೆಳೆದ ಸೀಮೆ, ಶ್ರೀರಾಮನಗರದ ಮಂದಿ ಅಂತ ತಿಳಿದು ಒಪ್ಪಿಕೊಂಡಿದ್ದಳಲ್ಲ, ಇವರ ಬೇರು ಎಲ್ಲಿಯದು ಅಂತ ಕೇಳಬೇಕೆಂದು ಹೊಳೆಯಲೇ ಇಲ್ಲವಲ್ಲ. ತಲೆ ಬಗ್ಗಿಸು, ಮುಖ ಮರೆಮಾಡು. ಮುದುಕಿ ಹತ್ತಿರ ಬಂದಳು, ಎಲೆಯಡಿಕೆ ವಾಸನೆ ಬಂತು, ಈ ಮೂಗು ನಾ ಎಲ್ಲೋ ನೋಡೇನಬೇ, ಹುಲಿಗವ್ವನ ಮೂಗು ಇದು, ನೀ ಹುಲಿಗವ್ವನ ಮಗಳಲ್ಲೇನ. ಇಲ್ರಿ ಆಯಿ, ನಾ ಹೊಸಪ್ಯಾಟಿಯಾಕಿ, ಯಾವ ಹುಲಿಗವ್ವರಿ — ಸುಳ್ಳು ಎಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಬಂತು, ಬಾರದೆ ಏನು, ಹೆದ್ದಾರಿಯಲ್ಲಿ ದಿನಕ್ಕೊಂದು ಹೆಸರು ಹೇಳಿದ ನಾಲಗೆ. ಮುದುಕಿ ನಂಬಿದಳು, ಹೌದೇನು, ಒಬ್ಬರ ಹಂಗ ಒಬ್ಬರಿರತಾರ ಬಿಡು, ದೇವರೇ, ಬದುಕಿದೆ, ಇನ್ನು ಕಣ್ಣು ಮುಗಿಸಿಬಿಡು, ಆದರೆ ಮುದುಕಿಗೆ ಮಾತಿನ ಚಟ, ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಶುರು ಹಚ್ಚಿದಳು, ಹುಲಿಗವ್ವ ಅಂದ್ರ ಯಾರಂತ ತಿಳದೀರಿ, ದೇವರಿಗೆ ಬಿಟ್ಟಾಕಿ, ಅಂಥಾಕಿ ಎಂದೂ ರಂಡಿ ಆಗೂದಿಲ್ಲ, ಕುಂಕುಮ ಅಳಸೂದಿಲ್ಲ, ಸಾಯೂ ತನಾ ಮುತ್ತೈದಿ, ಅಕಿ ಕೈಲೆ ಕರಿಮಣಿ ಪೋಣಿಸಿದ್ರ ಆ ತಾಳಿ ಗಟ್ಟಿ, ಈ ನನ್ನ ಸೊಸಿ ತಾಳಿ ಅಕೀನ ಪೋಣಿಸಿದ್ದು, ನೋಡ್ರಿ, ನನ್ನ ಮಗ ಇವತ್ತಿಗೂ ಗುಂಡಕಲ್ಲಿನಂಗ ಅದಾನ. ಮೇಘಾಳ ತಾಯಿ ಹೌದೆಂದು ಕೊರಳ ಕರಿಮಣಿ ಮುಟ್ಟಿಕೊಂಡಳು. ಆ ಮದುವೆ ಉಡಚಮ್ಮನಿಗೆ ನೆನಪಿದೆ, ಅವ್ವನ ಸೆರಗು ಹಿಡಿದು ಹೋಗಿದ್ದಳು, ಅವ್ವನನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದರು, ಮಣಿ ಪೋಣಿಸಿ ಮುಗಿದ ಮೇಲೆ ಹಂದರದ ಹೊರಗೆ ಕೂರಿಸಿ ಎಲ್ಲರದೂ ಊಟ ಆದ ಬಳಿಕ ಎಲೆ ಹಾಕಿದರು, ಅವ್ವ ತನ್ನ ಹೋಳಿಗೆಯನ್ನೂ ಇವಳ ಎಲೆಗೆ ಹಾಕಿದ್ದಳು. ಸುಮ್ಮನಿರು ಮುದುಕಿ, ಸಾಕು, ಎಡಗಣ್ಣಿನ ಮೂಲೆಗೆ ಕುಂಚ ಇಡುವವಳಿದ್ದೇನೆ. ಅಕಿ ಸತ್ತಾಗ ನಾವೇನ ಬಿಡಲಿಲ್ಲ, ಮುದುಕಿ ಅನ್ನುತ್ತಿದ್ದಾಳೆ, ಹಸರ ಇಲಕಲ್ ಸೀರಿ ಕಳಿಸಿದ್ವಿ, ಬಳಿ ಹೂವು ಎಲ್ಲಾ, ಮುತ್ತೈದಿನ್ನ ಹೆಂಗ ಕಳಸಬೇಕೋ ಹಂಗ ಕಳಸಿದ್ವಿ — ಯಾವ ಸೀರಿ? ಯಾರಿದು ಮಾತಾಡಿದ್ದು, ತಾನೇ, ತನ್ನದೇ ದನಿ, ಯಾವ ಸೀರಿ ಕಳಿಸಿದ್ರಿ, ನಿಮ್ಮ ಬಾಗಲಕ್ಕ ಬಂದು ಒಂದು ಹಳೇ ಸೀರಿ ಕೊಡ್ರಿ ಅಂತ ಅತ್ತೇನಿ, ಕದಾ ತಗೀಲಿಲ್ಲ ನೀವು, ಹರಕ ಚಾದರದಾಗ ಸುತ್ತಿ ಒಯ್ದೇವಿ ನಮ್ಮವ್ವನ್ನ. ಆಡಿದ ಮಾತು, ಒಡೆದ ಗಡಿಗೆ. ಅಂಗೈಯಲ್ಲಿದ್ದ ಗದ್ದ ಕಲ್ಲಿನಂತೆ ಬಿಗಿಯಿತು.

ಮುದುಕಿ ಬೈಯಬೇಕಿತ್ತು, ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ಕೋಲು ಬಿಸಾಕಿ ಚಪ್ಪಾಳೆ ತಟ್ಟಿದಳು, ನಾ ಹೇಳಲಿಲ್ಲೇನು, ಮೂಗು ನೋಡೇ ಹೇಳಿದ್ನೆಲ್ಲಬೇ, ದೇವಿ ತಾನಾಗಿ ಕಳಿಸ್ಯಾಳ, ತಾಳಿ ಪೋಣಸಾಕ ಯಾರನ್ನ ಹುಡುಕೂದು ಅಂತ ಹಾದಿ ತುಂಬ ಚಿಂತಿ ಮಾಡಕೊಂತ ಬಂದೇನಿ, ಏಳಬೇ ಮಗಳ, ಏಳು. ನಾ ಮುತ್ತು ಹರದೇನ್ರಿ ಆಯಿ, ನಾ ಈಗ ಅಕಿ ಅಲ್ರಿ, ಪಾರ್ಲರ್ ಐತ್ರಿ ನಂದು, ಕೆಲಸಕ್ಕ ಬಂದೇನ್ರಿ. ನೀ ಹರದ್ರ ಏನಾತಬೇ, ದೇವಿ ಬಿಟ್ಟಾಳೇನ ನಿನ್ನ. ಒಂದ ಕಣ್ಣು ಉಳದೈತ್ರಿ, ಒಂದು ಕಣ್ಣು ಮುಗಿಸಿ ಬರತೇನ್ರಿ — ಯಾರು ಕೇಳುತ್ತಾರೆ, ಮುದುಕಿ ರಟ್ಟೆ ಹಿಡಿದೆಳೆದಳು, ಕೂಗಿದರೆ ಇಡೀ ಮಂಟಪ ಸೇರುತ್ತದೆ, ಒಲ್ಲೆ ಅಂದರೆ ಮುತ್ತೈದೆ ತಾಳಿ ಒಲ್ಲೆ ಅಂದಳು ಅಂತ ಗದ್ದಲ ಎದ್ದು ಹುಡುಗಿಯ ಮದುವೆಗೆ ಅಪಶಕುನ, ಬೇಗ ಪೋಣಿಸಿ ಬೇಗ ಬಂದುಬಿಡಬೇಕು, ಲೈನರ್ ಅಲ್ಲೇ ಇಟ್ಟಿದ್ದಾಳೆ, ಒಂದೇ ಕಣ್ಣು ತಾನೆ. ಮಣೆ ಹಾಕಿದರು, ಕುಂಕುಮ ಹಚ್ಚಿದರು, ತಟ್ಟೆಯಲ್ಲಿ ಕರಿಮಣಿ, ಬಂಗಾರದ ಗುಂಡು, ಅರಿಶಿನದ ದಾರ, ಕೈ ನಡುಗುತ್ತದೆ ಅಂದುಕೊಂಡಿದ್ದಳು, ನಡುಗಲಿಲ್ಲ, ಅದಕ್ಕೇ ಸಿಟ್ಟು ಬಂತು, ಮುದ್ದಾಂ ನಡುಗಬೇಕಿತ್ತು ಹಾಳಾದ್ದು, ಕಣ್ಣು ಬರೆಯಲು ಕಲಿತ ಬೆರಳು ಮಣಿ ಪೋಣಿಸುವುದನ್ನೂ ಅಷ್ಟೇ ನಾಜೂಕಾಗಿ ಮಾಡುತ್ತಿದೆ. ಹೆಂಗಸರು ಸಾಲಾಗಿ ಬಂದು ಕಾಲು ಮುಟ್ಟಿದರು, ಅಪ್ಪಾ, ಏನು ಮರ್ಯಾದೆ, ಈ ಮರ್ಯಾದೆಗೆ ಬೆಂಕಿ ಹಾಕ. ಗಂಡಸರು ಕಂಬದ ಹತ್ತಿರ ನಿಂತು ಒಬ್ಬರ ಕಿವಿಗೊಬ್ಬರು ದಾಟಿಸುತ್ತಿದ್ದಾರೆ, ಕಣ್ಣಿಗೆ ಕಾಣುತ್ತದೆ, ಮಾತು ಹೇಗೆ ದಾಟುತ್ತದೆ, ಕತ್ತು ಹೇಗೆ ಹೊರಳುತ್ತದೆ, ಹೊರಳಿದ ಕಣ್ಣು ಹೇಗೆ ಮೇಲಿಂದ ಕೆಳಗೆ ಇಳಿಯುತ್ತದೆ, ಈ ಇಳಿಯುವುದು ಅವಳಿಗೆ ಗೊತ್ತು. ಮದುಮಗಳ ಕಾಕಾ ದ್ಯಾಮಣ್ಣ ಮೊಬೈಲು ಹಿಡಿದು ವಿಡಿಯೋ ಮಾಡುತ್ತ ಹತ್ತಿರ ಬಂದ, ಮುಂಜಾನೆ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿಕೊಂಡು ಬರ್ರಿ ಮೇಡಂ, ಚಾ ಕುಡೀರಿ ಮೇಡಂ ಅಂದಿದ್ದನಲ್ಲ, ಅವನೇ, ಈಗ ಬಗ್ಗಿ ಮೆಲ್ಲಗೆ ಕೇಳಿದ, ಎಲ್ಲೈತಿ ನಿನ್ನ ಅಂಗಡಿ, ಸಂಜಿಮುಂದ ಎಷ್ಟೊತ್ತಿನ ತನಾ ತಗದಿರತಿ. ದಾರಕ್ಕೆ ಗಂಟು ಹಾಕಿದಳು, ಬಿಗಿಯಾಗಿ, ಇನ್ನೊಂದು ಗಂಟು. ಉಡಿ ತುಂಬಿದರು, ಅಕ್ಕಿ, ಕೊಬ್ಬರಿ, ಕುಬಸದ ಕಣ, ಶರಣಬಸಮ್ಮ ಮೇಡಂಗೆ ಏನು ಹೇಳುವುದು, ಮೇಡಂ, ಅಂಗಡಿ ಹೋಯಿತು ಅಂತ ಹೇಳುವುದೋ, ಕಾಲಿಗೆ ಬಿದ್ದರು ಅಂತ ಹೇಳುವುದೋ.

ಉಡಿ ಹಿಡಿದುಕೊಂಡೇ ಖೋಲಿಗೆ ಓಡಿದಳು, ಓಡಿದಳು ಅಂದರೆ ಓಡಿಯೇ ಹೋದಳು, ಇನ್ನೂ ಹೊತ್ತಿದೆ, ಪುರೋಹಿತರು ಈಗಷ್ಟೇ ಕೂಗು ಹಾಕಿದ್ದಾರೆ, ಎಡಗಣ್ಣು ಖಾಲಿ ಇದೆ, ಒಂದು ಗೆರೆ, ಒಂದೇ ಗೆರೆ. ಬಾಗಿಲಿಗೆ ಅಡ್ಡ ಮೇಘಾಳ ತಾಯಿ ನಿಂತಿದ್ದಾಳೆ, ಸಿಟ್ಟಿಲ್ಲ, ಮೆತ್ತಗೆ, ಭಾಳ ಮೆತ್ತಗೆ, ಸಾಕ್ರಿ, ಇನ್ನ ಮುಖಾ ಮುಟ್ಟೂದು ಬ್ಯಾಡ, ನಮ್ಮ ಹುಡುಗ್ಯಾರ ಏನರ ಮಾಡ್ತಾರ, ತಪ್ಪ ತಿಳಕೋಬ್ಯಾಡ್ರಿ. ತಾಳಿ ಮುಟ್ಟಬೌದ್ರಿ, ಮುಖಾ ಮುಟ್ಟಬಾರದೇನ್ರಿ? ಅದು ಬ್ಯಾರೆ ಇದು ಬ್ಯಾರೆ ಅಲ್ಲೇನ್ರಿ, ನಾಳೆ ಗಂಡನ ಮನಿಗೆ ಹೋಗೂ ಹುಡುಗಿ. ಬೇರೆ, ಹೌದು, ಬೇರೆ, ಕೈ ಒಂದೇ, ಬೆರಳು ಅವೇ, ಕರಿಮಣಿಗೆ ಆಗುತ್ತದೆ, ಕೆನ್ನೆಗೆ ಆಗುವುದಿಲ್ಲ, ಎಂಥ ಲೆಕ್ಕ ಇದು, ಯಾವ ಸಾಲಿಯಲ್ಲಿ ಕಲಿಸುತ್ತಾರೆ ಇದನ್ನು. ತಾಯಿಯ ಹೆಗಲಿನ ಮೇಲಿಂದ ಒಳಗೆ ನೋಡಿದಳು, ಉಷಾ ಅಕ್ಕಾ ನನ್ನ ಮದುವಿಗೂ ಬರ್ರಿ ಅಂದಿದ್ದ ಹುಡುಗಿ ಲೈನರ್ ಹಿಡಿದು ನಿಂತಿದ್ದಾಳೆ, ಹಿಡಿಯುವುದೇ ತಪ್ಪು, ಹಂಗ ಹಿಡೀಬ್ಯಾಡವಾ, ಹನಿ ಬೀಳತೈತಿ, ಅಂತ ಕೈ ಚಾಚಿದಳು ಉಡಚಮ್ಮ, ಉಡಿಯ ಅಕ್ಕಿ ಹೊಸ್ತಿಲ ಮೇಲೆ ಚೆಲ್ಲಿತು, ಮೇಘಾ, ತಂಗಿ, ಬಾ, ಒಂದ ಗಳಿಗಿ, ಇತ್ತ ಕೊಡು ಮುಖಾ — ಎಡ ಅಂಗೈ ಚಾಚಿದ್ದು ಚಾಚಿದ ಹಾಗೇ ಇದೆ, ಗದ್ದ ಬರಲಿಲ್ಲ, ಹುಡುಗಿ ಹಿಂದೆ ಸರಿದಳು, ಕುರ್ಚಿಯ ಬೆನ್ನಿಗೆ ಬೆನ್ನು ತಾಗುವ ತನಕ ಸರಿದಳು, ಸರಿದು ಸೆರಗಿನ ತುದಿಯಿಂದ ಗದ್ದ ಒರೆಸಿಕೊಂಡಳು, ಒರೆಸಿಕೊಂಡು ಕನ್ನಡಿಯ ಕಡೆ ತಿರುಗಿದಳು, ಕನ್ನಡಿಯೊಳಗೆ ಬಲಗಣ್ಣು, ಸಣ್ಣಗೆ ಹೊರಟು ತುದಿಗೆ ಒಂದಿಷ್ಟೇ ಮೇಲೆದ್ದ ಗೆರೆ, ಎಡಗಣ್ಣು ಖಾಲಿ, ಬಲಗಣ್ಣು ಬರೆದದ್ದು, ಎಡಗಣ್ಣು ಖಾಲಿ, ಎಡಗಣ್ಣು