ಪೂರ್ತಿ ನಂಬರ್

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೇಳು ವರ್ಷದಿಂದ ಗಾಜು ಕತ್ತರಿಸುತ್ತಿದ್ದ ಅವಳ ಬೆಂಚಿಗೆ ಆ ಬೆಳಿಗ್ಗೆ ಸ್ವಂತ ಮಗಳದೇ ಆರ್ಡರ್ ಬಂತು. ತಟ್ಟೆಯಲ್ಲಿ ಕಡುನೀಲಿ ಫ್ರೇಮು, ಅದರಡಿ ಎರಡು ಕಾಗದ. ಡಾಕ್ಟರ ಚೀಟಿಯಲ್ಲಿ ಮೈನಸ್ ಮೂರೂಮುಕ್ಕಾಲು. ಅಂಗಡಿ ಯಜಮಾನರು ಬರೆದ ಕಾರ್ಡಿನಲ್ಲಿ ಎರಡೂವರೆ. ಅವಳು ತನ್ನ ಕನ್ನಡಕವನ್ನು ಹಣೆಗೇರಿಸಿ, ಕಾರ್ಡನ್ನು ಮೂಗಿನ ತುದಿಗೆ ಹಿಡಿದು ಮತ್ತೆ ನೋಡಿದಳು. ಎರಡೂವರೆಯೇ.

ಕೌಂಟರಿಗೆ ಹೋಗಿ, "ಸರ್, ಇದು ತಪ್ಪಾಗಿದೆ" ಎಂದಳು.

"ತಪ್ಪೇನಿಲ್ಲಮ್ಮ. ನಿನ್ನೆ ನೀನು ಊಟಕ್ಕೆ ಹೋದಾಗ ನಿಮ್ಮತ್ತೆ ಬಂದಿದ್ರು. ಪೂರ್ತಿ ನಂಬರ್ ಕೊಟ್ರೆ ಕಣ್ಣು ಸೋಮಾರಿ ಆಗುತ್ತೆ, ಏರ್ತಾನೇ ಹೋಗುತ್ತೆ, ಕಮ್ಮಿ ಮಾಡಿ ಹಾಕಿ ಅಂದ್ರು. ನಿನಗೆ ಹೇಳೇ ಬಂದಿದಾರೆ ಅಂದ್ಕೊಂಡೆ."

"ನೀವು ಸರಿ ಅಂದ್ರಾ?"

"ವಾರಕ್ಕೆ ನಾಲ್ಕು ಜನ ಹೀಗೇ ಕೇಳ್ತಾರೆ. ಹಿರಿಯರ ಸಮಾಧಾನಕ್ಕೆ ಇದೆಲ್ಲ ಇದ್ದದ್ದೇ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಅಂಥ ಕಾರ್ಡುಗಳನ್ನು ಅವಳೂ ಬಾಯಿ ಮುಚ್ಚಿಕೊಂಡು ಕತ್ತರಿಸಿಕೊಟ್ಟಿದ್ದಳು. ಯಾರ ಮಕ್ಕಳೋ ಏನೋ ಎಂದು ಸುಮ್ಮನಿದ್ದಳು. ಆ ನೆನಪಿಗೆ ಮುಖ ಬಿಸಿಯಾಯಿತು.

ಚಿಕ್ಕಂದಿನಲ್ಲಿ ಅವಳಿಗೆ ಅಪ್ಪನೂ ಪ್ರತಿ ಸಲ ಕಡಿಮೆ ನಂಬರಿನದನ್ನೇ ಹಾಕಿಸುತ್ತಿದ್ದರು. ಅದರಿಂದ ನಂಬರೇನೂ ನಿಲ್ಲಲಿಲ್ಲ, ಒಂಬತ್ತಕ್ಕೆ ಹೋಗಿ ಕೂತಿತು. ಕಪ್ಪುಹಲಗೆ ಕಾಣದಿದ್ದರೆ ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳಬಹುದಿತ್ತು. ರಸ್ತೆಯಾಚೆಯಿಂದ ಕೈಬೀಸಿದವರ ಮುಖವನ್ನು ಯಾರ ಪುಸ್ತಕ ನೋಡಿ ತಿಳಿಯುವುದು? ಅವಳು ನೆಟ್ಟಗೆ ನಡೆದುಬಿಡುತ್ತಿದ್ದಳು. 'ಜಂಬದ ಕೋಳಿ' ಎಂದು ಹೆಸರಾಯಿತು. ಹತ್ತು ವರ್ಷ ಕೇಳಿ ಕೇಳಿ, ತನಗೆ ಜಂಬವೇ ಇರಬೇಕು, ತನ್ನೊಳಗೇ ಏನೋ ಒರಟಿದೆ ಎಂದು ಅವಳೂ ನಂಬಿಬಿಟ್ಟಿದ್ದಳು.

ಇಪ್ಪತ್ತಮೂರಕ್ಕೆ ಈ ಅಂಗಡಿ ಸೇರಿ, ನಂಬರ್ ಅಳೆಯುವ ಯಂತ್ರದ ಮೇಲೆ ಕೈ ಕೂರಿಸಿಕೊಳ್ಳುವಾಗ ತನ್ನ ಕನ್ನಡಕವನ್ನೇ ಇಟ್ಟು ನೋಡಿದಳು. ಒಂದೂವರೆ ಕಡಿಮೆ ಇತ್ತು. ಪೂರ್ತಿ ನಂಬರಿನ ಗಾಜು ಹಾಕಿಕೊಂಡು ಸಂಜೆ ಹೊರಗೆ ಬಂದರೆ, ಎದುರಿನ ಬಸ್ ಸ್ಟಾಪಿನಲ್ಲಿ ಬಟ್ಟೆ ಅಂಗಡಿಯ ಹೆಂಗಸು ತನ್ನ ಕಡೆಗೇ ನೋಡಿ ನಗುತ್ತಿದ್ದಳು. ದಿನವೂ ನಗುತ್ತಿದ್ದಳೋ ಏನೋ. ಇಷ್ಟು ವರ್ಷ ಎಷ್ಟು ನಗು ಹೀಗೆ ಬಂದು ಬಂದು ಬರಿಗೈಲಿ ಮರಳಿದವೋ ಎಂದು ಅವಳು ರಸ್ತೆ ಬದಿಯಲ್ಲಿ ನಿಂತು ಅತ್ತಿದ್ದಳು.

ಈಗ ಅಳು ಬರಲಿಲ್ಲ. ಕಪಾಟಿನಿಂದ ಮೂರೂಮುಕ್ಕಾಲಿನ ಗಾಜಿದ್ದ ಎರಡು ಲಕೋಟೆ ತೆಗೆದಳು. ಗಾಜು ಕತ್ತರಿಸುವ ಯಂತ್ರ ಕರ್ರೆಂದಾಗ ಯಜಮಾನರು ಬಾಗಿಲಲ್ಲಿ ಇಣುಕಿದರು.

"ಕಾರ್ಡ್ ನೋಡ್ಕೊಂಡು ಮಾಡಮ್ಮ."

"ಚೀಟಿ ನೋಡ್ಕೊಂಡು ಮಾಡ್ತಿದೀನಿ ಸರ್."

"ನಾಳೆ ನಿಮ್ಮತ್ತೆ ನನ್ನ ಮೇಲೆ ಎಗರಾಡಿದ್ರೆ?"

"ನನ್ನ ಹತ್ರ ಕಳಿಸಿ. ಇನ್ನೊಂದು ಮಾತು. ಮಕ್ಕಳ ನಂಬರ್ ಕಮ್ಮಿ ಮಾಡಿರೋ ಕಾರ್ಡು ಇನ್ಮೇಲೆ ನನ್ನ ಬೆಂಚಿಗೆ ಬೇಡ. ಬೇಕಿದ್ರೆ ನೀವೇ ಕೂತು ಕತ್ತರಿಸಿ."

ಯಜಮಾನರು ಯಂತ್ರ ಮುಟ್ಟಿ ಹತ್ತು ವರ್ಷವಾಗಿತ್ತು. ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡು ಕೌಂಟರಿಗೆ ಮರಳಿದರು.

ಸಂಜೆ ನಾಲ್ಕಕ್ಕೇ ಅವಳು ಮನೆ ಸೇರಿದಳು. ಅತ್ತೆ ಮಂಚದ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಹನ್ನೊಂದರ ಮಗಳು ಹೊಸ ಕನ್ನಡಕ ಏರಿಸಿಕೊಂಡು ಕಿಟಕಿಯ ಹತ್ತಿರ ಹೋಗಿ, "ಅಮ್ಮಾ, ಆಚೆ ಮನೆಯ ಗಡಿಯಾರಕ್ಕೆ ಮೂರು ಮುಳ್ಳಿದೆ, ಸೆಕೆಂಡಿಂದೂ ಕಾಣುತ್ತೆ!" ಎಂದು ಕೂಗಿದಳು.

ಅತ್ತೆಗೆ ಅರ್ಥವಾಯಿತು. "ಪೂರ್ತಿ ಹಾಕಿಬಿಟ್ಯಾ? ಸೋಡಾಬುಡ್ಡಿ ಮಾಡಿ ಕೂರಿಸ್ತೀಯಾ ಹುಡುಗೀನ? ನಾಳೆ ಇವಳನ್ನ ಯಾರು ಒಪ್ತಾರೆ?"

"ಯಾರು ಬರ್ತಾರೋ ಅವರನ್ನ ಮೊದ್ಲು ಇವಳು ಸರಿಯಾಗಿ ನೋಡ್ಲಿ ಅತ್ತೆ. ಒಪ್ಪೋದು ಬಿಡೋದು ಆಮೇಲೆ."

"ನಾನೇನು ಅವಳಿಗೆ ಕೆಟ್ಟದ್ದು ಬಯಸಿದ್ನಾ?"

"ಇಲ್ಲ. ನಮ್ಮಪ್ಪನೂ ಬಯಸಿರ್ಲಿಲ್ಲ."

"ನಂಬರ್ ಏರಿದ್ರೆ ನಿನ್ನ ತಲೆ ಮೇಲೆ, ಹೇಳಿದೀನಿ!"

"ಇರಲಿ. ಆದ್ರೆ ನನ್ನ ಬೆನ್ನ ಹಿಂದೆ ಅಂಗಡಿಗೆ ಹೋಗೋದು ಇದೇ ಕೊನೆ."

ಅತ್ತೆಯ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಿಕೆಯಲ್ಲೇ ನಿಂತಿತು. ಹನ್ನೆರಡು ವರ್ಷದಲ್ಲಿ ಸೊಸೆ ಈ ದನಿಯಲ್ಲಿ ಮಾತಾಡಿದ್ದೇ ಇಲ್ಲ. ಹುಡುಗಿ ಇಬ್ಬರ ಮುಖವನ್ನೂ ನೋಡಿ, ಮೆಲ್ಲಗೆ ಟ್ಯೂಷನ್ ಚೀಲ ಹೆಗಲಿಗೇರಿಸಿದಳು.

"ಚೀಲ ಇಡು," ಎಂದಳು ತಾಯಿ. "ಆಡೋಕೆ ಹೋಗು."

ಡಾಕ್ಟರು ಬರೀ ಕನ್ನಡಕ ಬರೆದಿರಲಿಲ್ಲ. ನಂಬರ್ ಬೇಗ ಏರದಿರಲೆಂದು ಮಲಗುವ ಮುಂಚೆ ಕಣ್ಣಿಗೆ ಒಂದೊಂದು ಹನಿ ಔಷಧಿ, ಆರು ತಿಂಗಳಿಗೊಮ್ಮೆ ಪರೀಕ್ಷೆ, ದಿನಾ ಎರಡು ಗಂಟೆ ಹಗಲ ಬೆಳಕಿನಲ್ಲಿ ಹೊರಗೆ. ಮೊದಲೆರಡಕ್ಕೆ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಮೂರನೆಯದನ್ನು ಮಾತ್ರ ದಿನವೂ ಟ್ಯೂಷನ್ ನುಂಗುತ್ತಿತ್ತು. ಚೀಟಿಯ ಕೊನೆಯಲ್ಲಿ ತಾಯಿಗೂ ಒಂದು ಸಾಲಿತ್ತು: ಒಂಬತ್ತು ನಂಬರಿನ ಕಣ್ಣಿನ ಒಳಪರದೆಯನ್ನು ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು.

"ಓದೂ ಬಿಡಿಸ್ತೀಯಾ ಈಗ?" ಅತ್ತೆ ಎದ್ದೇಬಿಟ್ಟರು.

"ಕತ್ತಲಾದ ಮೇಲೆ ಓದ್ತಾಳೆ. ಆ ಹೊತ್ತಲ್ಲಿ ಟ್ಯೂಷನ್ ಮೇಡಮ್ಮಿಗೆ ಆಗಲ್ಲ ಅಂದ್ರೆ ಬಿಡಿಸ್ತೀನಿ. ಶನಿವಾರ ನಾನು ಕಣ್ಣಾಸ್ಪತ್ರೆಗೆ ಹೋಗ್ತೀನಿ, ಅಡುಗೆ ನೀವು ನೋಡ್ಕೊಳ್ಳಿ."

"ನಿನಗೇನಾಗಿದೆ?"

"ಏನೂ ಆಗದಿರಲಿ ಅಂತಲೇ."

ಗೇಟು ಆಗಲೇ ಧಡಾರೆಂದಿತ್ತು. ಅವಳೂ ಚಪ್ಪಲಿ ಮೆಟ್ಟಿ ಮಗಳ ಹಿಂದೆ ಹೊರಟಳು. ಹಗಲ ಬೆಳಕಿನಲ್ಲಿ ಹೊರಗಿರಲು ಇಷ್ಟೇ ವಯಸ್ಸಾಗಿರಬೇಕೆಂದು ಡಾಕ್ಟರೇನೂ ಬರೆದಿರಲಿಲ್ಲ.