ಇಳಿದು ನೋಡುವುದು

ಗಾರ್ಮೆಂಟ್ಸ್ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅವಳ ಕಾಲು ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಇಲ್ಲದ ಹೊಲಿಗೆಯಂತ್ರದ ಪೆಡಲ್ ತುಳಿಯುತ್ತಿತ್ತು.

"ಮೇಜು ಓಡಿಹೋದೀತು," ಎಂದ ಅಣ್ಣ. ಕೊಳವೆ ಹೂಳಲು ಕಾಲುವೆ ಅಗೆಯುವ ಯಂತ್ರದ ಚಾಲಕ ಅವನು.

"ನಿನ್ನ ಮಿಷನ್ ಓಡಿಸೋದು ನಾನೂ ಕಲೀಬೇಕು ಅಣ್ಣ. ಊರಾಚೆ ತರಬೇತಿ ಕೇಂದ್ರ ಇದೆಯಂತೆ."

ಅವನು ನಗಲಿಲ್ಲ. "ಕಲಿ. ಆದ್ರೆ ತಿಂಗಳುಗಟ್ಟಲೆ ಬೆಂಚು ಬಿಸಿ ಮಾಡೋದ್ಯಾಕೆ? ನಾನು ಯಾವ ಶಾಲೆಗೆ ಹೋಗಿದ್ದೆ? ಪಕ್ಕದಲ್ಲಿ ಕೂತು ನೋಡಿ ಕಲಿತೆ. ನೀನೂ ಬಾ, ವಾರದಲ್ಲಿ ಕೈ ಕೂರುತ್ತೆ. ಸರ್ಟಿಫಿಕೇಟ್ ಕೊಡಿಸೋರು ನಂಗೆ ಗೊತ್ತು."

"ಅದು ನಡೆಯುತ್ತಾ?"

"ಎಲ್ಲರದ್ದೂ ನಡೀತಿದೆ. ಎಲ್ಲಿ ಓದಿದ್ದೀ ಅಂತ ಮಣ್ಣು ಕೇಳುತ್ತಾ?"

ಕೈಕಟ್ಟಿ ಕೂತು ಅವಳಿಗೂ ಸಾಕಾಗಿತ್ತು. ಒಪ್ಪಿದಳು.

ಮರುದಿನ ಕೆಲಸದ ಜಾಗದಲ್ಲಿ ಅಣ್ಣ ಅವಳನ್ನು ಯಂತ್ರದ ಸೀಟಿನಲ್ಲಿ ಕೂರಿಸಿ ತಾನು ಬಾಗಿಲ ಬಳಿ ನಿಂತ. ಹೊಲಿಗೆಯಲ್ಲಿ ಪಳಗಿದ ಕೈ. ಲಿವರುಗಳು ಬೇಗ ಒಲಿದವು. ಬಕೆಟ್ ಮಣ್ಣು ಕಚ್ಚಿ ಮೇಲೆದ್ದಾಗ ಎದೆ ಹಿಗ್ಗಿತು. ಇನ್ನೂ, ಇನ್ನೂ ಎನಿಸಿತು. ಕಣ್ಣೆಲ್ಲ ಬಕೆಟ್ಟಿನ ಮೇಲಿಟ್ಟು ಯಂತ್ರವನ್ನು ಗಿರ್ರನೆ ತಿರುಗಿಸಿದಳು.

ಹಿಂದಿನಿಂದ ಯಾರೋ ಕೂಗಿದರು. ಅವಳು ಇಳಿದು ಓಡಿದಳು. ಪೈಪು ಜೋಡಿಸುವ ಮುದುಕ ನೆಲಕ್ಕೆ ಬಿದ್ದಿದ್ದ. ತಿರುಗಿದ ಯಂತ್ರದ ಹಿಂಭಾಗ ಅವನ ಹೆಲ್ಮೆಟ್ಟನ್ನು ಕಿತ್ತೊಯ್ದು ರಸ್ತೆಬದಿಯ ಗೋಡೆಗೆ ಒತ್ತಿ ಅಪ್ಪಚ್ಚಿ ಮಾಡಿತ್ತು. ಅವನ ಮೊಣಕೈ ತರಚಿತ್ತು, ಅಷ್ಟೇ.

"ತಲೆಗೆ ಬಂದದ್ದು ಟೊಪ್ಪಿಗೆ ಹೋಯ್ತು," ಎಂದ ಅಣ್ಣ, ಮುದುಕನನ್ನು ಎತ್ತಿ ಕೂರಿಸಿ ಬಂದು. "ಕಲಿಯುವಾಗ ಆಗೋದೇ. ಮತ್ತೆ ಸೀಟು ಹತ್ತು."

"ಹಿಂದೆ ನೋಡು ಅಂತ ನೀನು ಹೇಳಲೇ ಇಲ್ಲ."

"ನಂಗೂ ಯಾರೂ ಹೇಳಿರಲಿಲ್ಲ."

ಅವಳು ಹತ್ತಲಿಲ್ಲ. ಮುದುಕನ ಬಳಿ ಕೂತು ಅವನ ಗಾಯ ತೊಳೆದಳು. ಅವನು ಬೈಯಲಿಲ್ಲ. "ದಿನಾ ಸಂಜೆ ನಾನು ಮನೆಗೆ ಹೋಗ್ಬೇಕು, ಮಗಳೇ. ಅಷ್ಟು ನೆನಪಿಟ್ಕೊಂಡು ಓಡಿಸು," ಎಂದ.

ಮರುವಾರವೇ ಅವಳು ತರಬೇತಿ ಕೇಂದ್ರ ಸೇರಿದಳು. ಅಲ್ಲಿ ಪರದೆಯ ಮುಂದೆ ಕೂತು ಸುಳ್ಳು ಮಣ್ಣು ಅಗೆಯಬೇಕು, ಇಂಜಿನ್ ಎಣ್ಣೆ ನೋಡಬೇಕು, ಕೆಳಗೆ ನಿಂತು ದಾರಿ ತೋರಿಸುವವರ ಕೈಸನ್ನೆ ಕಲಿಯಬೇಕು. ನಿಜವಾದ ಯಂತ್ರ ಅಂಗಳದಲ್ಲಿ ನಿಂತೇ ಇರುತ್ತಿತ್ತು. "ಯಾವಾಗ ಹತ್ತಿಸ್ತೀರಿ?" ಎಂದು ಚಡಪಡಿಸಿ ಕೇಳುತ್ತಿದ್ದಳು.

"ಮೊದಲು ಇಳಿದು ಸುತ್ತ ನೋಡೋದು ಬಂದ ಮೇಲೆ," ಎನ್ನುತ್ತಿದ್ದರು ಮೇಷ್ಟ್ರು.

ಕೇಂದ್ರಕ್ಕೆ ರಜೆಯಿದ್ದ ದಿನ ಅಣ್ಣನ ಕೆಲಸದ ಜಾಗಕ್ಕೆ ಊಟ ಒಯ್ದಳು. ಅವನು ಉಂಡು, ಸೀಟು ಹತ್ತಿ ಇಂಜಿನ್ ಶುರುಮಾಡಿದ.

"ಹಿಂದೆ ಯಾರಿದ್ದಾರೆ ಅಣ್ಣ?"

"ನಂಗೇ ಪಾಠನಾ? ಯಾರೂ ಇಲ್ಲ."

"ನೋಡಿದ್ಯಾ?"

ಅವನ ಮುಖ ಬಿಗಿಯಿತು. ಕೆಲಸದವರು ತಲೆಯೆತ್ತಿ ನೋಡುತ್ತಿದ್ದರು. ಅವನು ಲಿವರಿನಿಂದ ಕೈ ತೆಗೆದ. ಆಮೇಲೆ ಇಂಜಿನ್ ಆರಿಸಿ ಇಳಿದು, ಗೊಣಗುತ್ತಾ ಯಂತ್ರದ ಹಿಂದಕ್ಕೆ ನಡೆದ. ಅಲ್ಲಿ ಯಾರೂ ಇರಲಿಲ್ಲ. ಅವನು ಅಷ್ಟಕ್ಕೇ ಮರಳಲಿಲ್ಲ. ಆಚೆ ಬದಿಯನ್ನೂ ಸುತ್ತಿ ಬಂದ.